ಒಕ್ಕಲು ಮನೆತನಗಳ ವಂಶಾವಳಿ

ಅರಸುಗಳ ವಂಶಾವಳಿಯನ್ನು ತಿಳಿಯಬೇಕೆನ್ನುವವರಿಗೆ ಸಾಧನಗಳ ಕೊರತೆಯಿಲ್ಲ. ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು ಮೊದಲಾದವರ ಪಿತೃಪಿತಾಮಹರ ನಾಮಾವಳಿಯು ತಾಮ್ರಪಟಗಳಲ್ಲಿಯೂ ಶಿಲಾಶಾಸನಗಳಲ್ಲಿಯೂ ಸವಿಸ್ತರವಾಗಿ ಕೊರೆಯಲ್ಪಟ್ಟಿರುವುದು. ಬಿ. ಎಲ್. ರೈಸ್ ಮಹಾಶಯರು 1886ರಿಂದ ಪ್ರಕಟಿಸತೊಡಗಿದ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳನ್ನು ತೆರೆದು ನೋಡಿದವರಿಗೆ ಈ ಮಾತು ವಿದಿತವಾಗಿಯೇ ಇದೆ. ಆದರೆ ಆ ಅರಸುಗಳ ಬೊಕ್ಕಸವನ್ನು ತನ್ನ ಬೆವರಿನಿಂದ ತುಂಬಿದ ಒಕ್ಕಲಿಗನ ವಂಶವನ್ನು ಬರೆದಿಟ್ಟವರಾರು? ಕುಂಬಾರನ, ಕಮ್ಮಾರನ, ಗಾಣಿಗನ, ಕುರುಬನ ಅಜ್ಜ ಮುತ್ತಜ್ಜಂದಿರು ಯಾರು, ಯಾವ ಊರಿನಿಂದ ಬಂದರು, ಯಾವ ಬರದಲ್ಲಿ ಊರು ಬಿಟ್ಟರು ಎಂಬುದನ್ನು ಹೇಳಬಲ್ಲ ಸಾಧನಗಳು ಉಂಟೋ ಇಲ್ಲವೋ? ಉಂಟು ಎಂಬುದೇ ನಮ್ಮ ಉತ್ತರ. ಆದರೆ ಆ ಸಾಧನಗಳಲ್ಲಿ ಒಂದೊಂದೂ ತನ್ನ ಪ್ರಯೋಜನಕ್ಕೆ ಬೇಕಾದವರನ್ನು ಮಾತ್ರ ನೆನಪಿಟ್ಟು, ಉಳಿದವರನ್ನು ಮರೆತುಬಿಟ್ಟಿರುವುದು. ಹೀಗೆ ಮರೆಯಲ್ಪಟ್ಟವರು ಯಾರೆಂಬುದನ್ನು ವಾಚಕರ ಮನಸ್ಸಿಗೆ ತರುವುದೇ ಈ ಲೇಖನದ ಉದ್ದೇಶ.

ಇಲ್ಲಿ ಒಂದು ಆಕ್ಷೇಪಣೆಯು ಬರುವುದು ಸಹಜ. ಹುಟ್ಟಿನಿಂದ ಮೇಲುಕೀಳೆಂಬುದನ್ನು ಅಲ್ಲಗಳೆದ ಶರಣರ ಪರಂಪರೆಯವರು ಕುಲದ ಕಥೆಯನ್ನು ಏಕೆ ಕೆದಕಬೇಕು? ಆದರೆ ಕುಲದ ಹೆಮ್ಮೆ ಬೇರೆ, ಹಿರಿಯರ ಸ್ಮರಣೆ ಬೇರೆ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನೇ ನೋಡಿರಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ದೋಣಿ ನಡೆಸುವುದು, ಬಟ್ಟೆ ಒಗೆಯುವುದು, ಹಗ್ಗ ಹೊಸೆಯುವುದು, ಅಕ್ಕಿ ಆಯುವುದು, ಇವೇ ಅವರಿಗೆ ಬಿರುದುಗಳಾದವು. ಸಾಮಾನ್ಯ ಮನೆತನದ ಇತಿಹಾಸವೂ ಇಂತಹ ದುಡಿಮೆಯ ಇತಿಹಾಸವೇ ಸರಿ. ಆದುದರಿಂದ ಅದನ್ನು ಅರಿಯಲೆಳಸುವುದು ಆ ಪರಂಪರೆಗೆ ವಿರುದ್ಧವಾದುದಲ್ಲ.

ಸಾಧನಗಳಲ್ಲಿ ಮೊದಲು ಹೇಳತಕ್ಕದ್ದು ಹೆಳವರ ಬಾಯಿಪಾಠವನ್ನು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಳವನನ್ನು ಅರಿಯದ ಮುದುಕರು ವಿರಳ. ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ, ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮರೆಮಾಡಿ, ಗಂಟೆ ನುಡಿಸುತ್ತ ಆತನು ಒಕ್ಕಲ ಮನೆಯ ಬಾಗಿಲಿಗೆ ಬರುವ ವಾಡಿಕೆಯಿತ್ತು. ಹೆಳವನೆಂದರೆ ಕಾಲಿಲ್ಲದವನೆಂದು ಅರ್ಥ. ತಮ್ಮ ಮೂಲಪುರುಷನು ಕುಂಟನಾಗಿದ್ದನೆಂದು ಅವರಲ್ಲಿ ಐತಿಹ್ಯವುಂಟು. ಮನೆಯ ಮುಂದೆ ನಿಂತು ಅವನು ಆ ಮನೆತನದ ಬೆಡಗು ಯಾವುದು, ಮೂಲ ಊರು ಯಾವುದು, ಮೂಲಪುರುಷನಿಗೆ ಎಷ್ಟು ಜನ ಮಕ್ಕಳು, ಯಾರ ಸಂತತಿ ಎಲ್ಲಿ ನೆಲೆಸಿತು ಎಂಬುದನ್ನು ತಲೆಮಾರು ತಲೆಮಾರಾಗಿ ಹೇಳುತ್ತ ಬಂದು, ಕೊನೆಗೆ ಅಂಗಳದಲ್ಲಿ ಆಡುವ ಮಗುವಿನವರೆಗೆ ತಂದು ನಿಲ್ಲಿಸುವನು. ಹಿಂದಿನ ಬಾರಿ ಬಂದುಹೋದ ಮೇಲೆ ಹುಟ್ಟಿದವರ ಹೆಸರುಗಳನ್ನು ಕೇಳಿ ತನ್ನ ವಂಶಾವಳಿಗೆ ಸೇರಿಸಿಕೊಳ್ಳುವನು. ಇದಕ್ಕಾಗಿ ಮನೆಯವರು ಕಾಳು, ಬಟ್ಟೆ, ಹಣ, ಶಕ್ತಿಯಿದ್ದವರು ದನಕರುಗಳನ್ನು ಸಹ ಕೊಡುವರು. ಇಂತಿಂತಹ ಊರುಗಳು ಇಂತಹ ಹೆಳವರ ಮನೆಗೆ ಸೇರಿದವು ಎಂಬ ಕಟ್ಟುಪಾಡು ಅವರಲ್ಲಿದ್ದು, ಆ ಹಕ್ಕು ತಂದೆಯಿಂದ ಮಗನಿಗೆ ಬರುವುದು.

ಈ ವೃತ್ತಿಯನ್ನು ಬರಿಯ ಭಿಕ್ಷಾಟನವೆಂದು ತಿಳಿಯಲಾಗದು. ಒಂದೇ ಬೆಡಗಿನ ಗಂಡುಹೆಣ್ಣುಗಳಿಗೆ ವಿವಾಹ ಮಾಡಲಾಗದೆಂಬ ನಿಯಮವಿದ್ದ ಸಮಾಜದಲ್ಲಿ, ನೂರು ಮೈಲಿ ದೂರದ ಎರಡು ಮನೆಗಳು ಒಂದೇ ಮೂಲದವೋ ಅಲ್ಲವೋ ಎಂಬುದನ್ನು ಹೇಳಲು ಆತನ ಮಾತೇ ಪ್ರಮಾಣವಾಗುತ್ತಿತ್ತು. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯಗಳಲ್ಲಿಯೂ ಅವನ ಸಾಕ್ಷ್ಯಕ್ಕೆ ಬೆಲೆಯಿತ್ತು.

ಆದರೂ ಹೆಳವನ ವಂಶಾವಳಿಯನ್ನು ವಿವೇಚನೆಯಿಲ್ಲದೆ ಒಪ್ಪತಕ್ಕದ್ದಲ್ಲ. ತಲೆಮಾರಿಗೆ 25 ವರ್ಷಗಳೆಂದು ಹಿಡಿದರೆ ಹತ್ತು ತಲೆಮಾರುಗಳಿಗೆ 250 ವರ್ಷಗಳಾಗಿ, ಲೆಕ್ಕವು ಹೈದರ ಅಲಿಯ ಆಳಿಕೆಯ (1761–82) ಕಾಲಕ್ಕೆ ಹೋಗಿ ಮುಟ್ಟುವುದು. ಅಷ್ಟು ದೀರ್ಘವಾದ ನಾಮಾವಳಿಯಲ್ಲಿ ತೊಡಕುಗಳು ಇಲ್ಲದಿರಲಾರವು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯು ನಮ್ಮಲ್ಲಿ ಸರ್ವಸಾಧಾರಣವಾದುದರಿಂದ, ಬಸಪ್ಪನ ಮಗ ಈರಪ್ಪ, ಈರಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಈರಪ್ಪ, ಹೀಗೆ ಎರಡೇ ಹೆಸರುಗಳು ಸುತ್ತಿ ಸುತ್ತಿ ಬರುತ್ತವೆ. ಬಾಯಿಪಾಠದಲ್ಲಿ ಇಂತಹ ಇಬ್ಬರು ಬಸಪ್ಪಂದಿರು ಒಬ್ಬನೇ ಆಗಿ, ನಡುವಿನ ಎರಡು ತಲೆಮಾರುಗಳು ಲುಪ್ತವಾಗುವುದು ಸುಲಭ. ಅಲ್ಲದೆ, ಕೊಡುವ ಮನೆಯನ್ನು ಹೊಗಳುವುದು ಬೇಡುವವನ ಧರ್ಮ. ಆದುದರಿಂದ ಮೂಲಪುರುಷನ ಶೌರ್ಯದ ಕಥೆಗಳನ್ನು ಕಥೆಗಳೆಂದೇ ಎಣಿಸಿ, ಊರು, ಬೆಡಗು, ಶಾಖೆಗಳ ವಿಷಯದಲ್ಲಿ ಮಾತ್ರ ಅವನ ಮಾತಿಗೆ ಹೆಚ್ಚು ಬೆಲೆ ಕೊಡುವುದು ಯುಕ್ತ. ಎಲ್ಲಕ್ಕಿಂತ ಮುಖ್ಯವಾಗಿ, ಕೊಡಲು ಕಾಳಿಲ್ಲದ ಮನೆಯ ಮುಂದೆ ಹೆಳವನ ಎತ್ತು ನಿಲ್ಲುವುದಿಲ್ಲ. ಭೂಮಿಯಿಲ್ಲದವರ ವಂಶವು ಈ ಭಂಡಾರದಲ್ಲಿ ಇಲ್ಲವೆಂದೇ ಹೇಳಬೇಕು.

ಎರಡನೆಯ ಸಾಧನವು ಊರ ಹೊರಗಿನ ಕಲ್ಲುಗಳು. ತುರುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದವನಿಗೆ, ಊರಳಿವಿನಲ್ಲಿ ಕಾದಿ ಬಿದ್ದವನಿಗೆ ವೀರಗಲ್ಲು ನಿಲ್ಲುತ್ತಿತ್ತು. ಇವುಗಳಲ್ಲಿ ಸಾಮಾನ್ಯ ಗ್ರಾಮಸ್ಥರ ಹೆಸರುಗಳೂ ತಂದೆಯ ಹೆಸರುಗಳೂ ಕೆಲವೆಡೆ ದೊರೆಯುವುವು. ಆದರೆ ಕಲ್ಲು ನೆನೆಯುವುದು ಸತ್ತ ರೀತಿಯನ್ನೇ ಹೊರತು ಬಾಳಿದ ರೀತಿಯನ್ನಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ 949–50ರ ಶಾಸನದಲ್ಲಿ ಮಣಲೆರನೆಂಬ ವೀರನ ನಾಯಿಯು ಹಂದಿಯೊಡನೆ ಹೋರಾಡಿ ಸತ್ತ ಸಂಗತಿಯುಂಟು. ಆ ನಾಯಿಯ ಹೆಸರು ಕಾಳಿ ಎಂದು ಇಂದಿಗೂ ನಮಗೆ ತಿಳಿದಿದೆ. ಹೆಗ್ಗಡದೇವನಕೋಟೆಯ ಸೀಮೆಯ ಬೆಳತೂರಿನ 1057ರ ಶಾಸನವು ದೇಕಬ್ಬೆಯೆಂಬ ಹೆಂಗಸಿನ ಹೆಸರನ್ನು ಉಳಿಸಿದೆ. ಉಳಿಸಿದ ಕಾರಣವೇನೆಂದರೆ, ಗಂಡನು ಮರಣದಂಡನೆಗೆ ಗುರಿಯಾದ ಮೇಲೆ ತಂದೆತಾಯಿಗಳು ತಡೆದರೂ ಕೇಳದೆ ಆಕೆ ಬೆಂಕಿಯನ್ನು ಹೊಕ್ಕಳು. ಮಣಲೆರನು ಗಂಗರ ಬೂತುಗನ ಪರಿವಾರದವನು, ದೇಕಬ್ಬೆಯು ನಾಡೊಡೆಯನ ಮಗಳು. ಇವರಿಗೇ ಇಷ್ಟು ಸ್ಮರಣೆಯಾದರೆ, ಬೆಂಕಿಗೆ ಬೀಳದೆ ಹತ್ತು ಮಕ್ಕಳನ್ನು ಹೆತ್ತು, ಹೊಲದ ಕಳೆ ತೆಗೆದು, ಮುಪ್ಪಿನಲ್ಲಿ ಸತ್ತ ಒಕ್ಕಲಗಿತ್ತಿಗೆ ಕಲ್ಲು ನಿಲ್ಲಿಸಿದವರಾರು?

ಮೂರನೆಯದು ಕಾಗದಪತ್ರಗಳು. ಕಾಗದವು ಬಳಕೆಗೆ ಬರುವುದಕ್ಕೆ ಮುಂಚೆ ಶಾನುಭೋಗರು ಕಡತಗಳಲ್ಲಿ ಲೆಕ್ಕ ಬರೆಯುತ್ತಿದ್ದರು. ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಟ್ಟೆಗೆ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುವುದೇ ಕಡತ. ಒರಸಿ ಮತ್ತೆ ಬರೆಯಲು ಬರುವುದೇ ಅದರ ಅನುಕೂಲವಾದುದರಿಂದ ಎಷ್ಟೋ ಹೆಸರುಗಳು ಒರಸಿಹೋಗಿರುವುವು. ಮುಂದೆ 1840ರ ನಂತರದ ವರ್ಷಗಳಲ್ಲಿ ಧಾರವಾಡ ಪ್ರಾಂತದಲ್ಲಿ ವಿಂಗೇಟ್ ಸಾಹೇಬರ ಮೇಲ್ವಿಚಾರಣೆಯಲ್ಲಿಯೂ, 1863ರ ನಂತರ ಮೈಸೂರು ಸಂಸ್ಥಾನದಲ್ಲಿಯೂ ಭೂಮಿಯ ಮೋಜಣಿಯು ನಡೆದು, ಹೊಲಹೊಲಕ್ಕೆ ಸರ್ವೆ ನಂಬರೂ ಖಾತೆದಾರನ ಹೆಸರೂ ದಾಖಲಾದವು. 1852ರ ಕಾನೂನಿನಂತೆ ಮುಂಬಯಿ ಇಲಾಖೆಯಲ್ಲಿ ನಡೆದ ಇನಾಮು ವಿಚಾರಣೆಯಲ್ಲಿ, ಇನಾಮದಾರರು ತಮ್ಮ ಹಕ್ಕಿಗೆ ಆಧಾರವನ್ನು ತೋರಿಸಬೇಕಾಯಿತು. 1874ರ ವತನು ಕಾನೂನು ಗೌಡಕಿ, ಕುಲಕರ್ಣಿಕೆ ಮೊದಲಾದ ವಂಶಪಾರಂಪರ್ಯದ ವತನುಗಳಿಗೆ ಸಂಬಂಧಿಸಿದುದು. ಮೈಸೂರು ರಾಜ್ಯದ 1961ರ ಕಾನೂನಿನಿಂದ ಗ್ರಾಮವತನಗಳು ರದ್ದಾಗುವವರೆಗೆ ಇಂತಹ ಮನೆತನಗಳಲ್ಲಿ ವಂಶವೃಕ್ಷವೆಂಬುದು ಅನ್ನದ ಪ್ರಶ್ನೆಯಾಗಿತ್ತು.

ಆದರೆ ದಫ್ತರವು ಕಾಣುವುದು ಕಂದಾಯ ಕೊಡುವವನನ್ನು ಮಾತ್ರ. ಅನ್ಯರ ಭೂಮಿಯನ್ನು ಕೋರಿಗೆ ಮಾಡುತ್ತಿದ್ದ ಮನೆತನಗಳು ಮೂರು ನಾಲ್ಕು ತಲೆಮಾರು ಒಂದೇ ಹೊಲವನ್ನು ಉತ್ತಿದ್ದರೂ, ಅವುಗಳ ಹೆಸರು ಆ ಹೊಲದ ಒಡೆತನದ ಕಲಮಿಗೆ ಬಂದುದು 1974ರ ಭೂಸುಧಾರಣೆಯ ತಿದ್ದುಪಡಿಯಿಂದೀಚೆಗೆ. ಆಗ ಭೂನ್ಯಾಯ ಮಂಡಳಿಯ ಮುಂದೆ ಕೊಟ್ಟ ಅರ್ಜಿಯೇ ಅನೇಕ ಕುಟುಂಬಗಳಿಗೆ ತಮ್ಮ ಇತಿಹಾಸದ ಮೊದಲನೆಯ ಬರಹವೆನ್ನಬಹುದು. ಹುಟ್ಟಿದ ದಿನಗಳ ವಿಷಯದಲ್ಲಿಯೂ ಹೀಗೆಯೇ. ಜನನ ಮರಣಗಳ ನೋಂದಣಿಯ 1969ರ ಕಾನೂನು ರೂಢಿಯಾಗುವ ಮೊದಲು ಹಳ್ಳಿಯ ಮಗುವಿಗೆ ಜನ್ಮದಿನವನ್ನು ಕೊಟ್ಟವರು ಬಹುಮಟ್ಟಿಗೆ ಶಾಲೆಯ ಮಾಸ್ತರರು. ಜೂನ್ 1ನೆಯ ತಾರೀಖಿನಂದು ಹುಟ್ಟಿದವರು ನಮ್ಮ ಹಳ್ಳಿಗಳಲ್ಲಿ ಇಷ್ಟೊಂದು ಜನರಿರಲು ಇದೇ ಕಾರಣ.

ಈ ದಾಖಲೆಗಳನ್ನು ಜೋಡಿಸುವಾಗ ಎರಡು ಸಂಗತಿಗಳು ದಾರಿ ತೋರುವುವು. ಮೊದಲನೆಯದು ಬರಗಾಲಗಳ ನೆನಪು. ತಾರೀಖನ್ನರಿಯದ ಹಿರಿಯರು ಬರದಿಂದ ಕಾಲವನ್ನು ಅಳೆಯುತ್ತಿದ್ದರು. 1876–78ರ ಧಾತು–ಈಶ್ವರ ಸಂವತ್ಸರಗಳ ಕ್ಷಾಮವು ಎಷ್ಟು ಘೋರವಾಗಿತ್ತೆಂಬುದಕ್ಕೆ ಮೈಸೂರು ಸಂಸ್ಥಾನದ ಖಾನೇಷುಮಾರಿಯೇ ಸಾಕ್ಷಿ: 1871ರಲ್ಲಿ 50,55,412 ಇದ್ದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. ಎಷ್ಟೋ ವಂಶಾವಳಿಗಳ ಕೊಂಬೆಗಳು ಇಲ್ಲಿಯೇ ಮುರಿದಿವೆ. ಎಷ್ಟೋ ಮನೆತನಗಳು ಇಲ್ಲಿಂದಲೇ ಹೊಸ ಊರನ್ನು ಹಿಡಿದಿವೆ. ಸಂವತ್ಸರಗಳು 60 ವರ್ಷಗಳಿಗೊಮ್ಮೆ ಮರಳುವುವಾದುದರಿಂದ 'ಧಾತು' ಎಂದಾಗ ಅದು 1876ರದೋ 1936ರದೋ ಎಂಬುದನ್ನು ನಿರ್ಣಯಿಸಿಕೊಳ್ಳಬೇಕು.

ಎರಡನೆಯದು ಅಡ್ಡಹೆಸರು. ಪಾಟೀಲ, ದೇಸಾಯಿ, ತಳವಾರ ಎಂಬವು ಅಧಿಕಾರದಿಂದಲೂ, ಬಡಿಗೇರ, ಪತ್ತಾರ, ಗಾಣಿಗೇರ ಎಂಬವು ಕಸುಬಿನಿಂದಲೂ, ಬೆಲ್ಲದ, ಹತ್ತಿ, ಮೆಣಸಿನಕಾಯಿ ಎಂಬವು ವ್ಯಾಪಾರದಿಂದಲೋ ಬೆಳೆಯಿಂದಲೋ ಬಂದವು. ಊರಿನ ಹೆಸರೇ ಅಡ್ಡಹೆಸರಾಗಿದ್ದರೆ ಆ ಮನೆತನವು ಆ ಊರನ್ನು ಬಿಟ್ಟು ಬಂದುದೆಂದು ತಿಳಿಯಬೇಕು. ಬಾದಾಮಿಯಲ್ಲಿಯೇ ಇರುವವನನ್ನು ಯಾರೂ ಬಾದಾಮಿಯವನೆಂದು ಗುರುತಿಸಲಾರರು.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಮೇಲ್ಕಂಡ ಮೂರು ಸಾಧನಗಳೂ ಒಂದು ಮರೆವಿನಲ್ಲಿ ಒಂದಾಗಿರುವುವು. ಹೆಳವನ ವಂಶಾವಳಿಯು ಬಹುಮಟ್ಟಿಗೆ ಗಂಡುಸಂತತಿಯದು, ವೀರಗಲ್ಲು ಗಂಡಸಿನದು, ಖಾತೆ ಪಹಣಿಗಳು ಮನೆಯ ಯಜಮಾನನವು. ಹೆಣ್ಣುಮಗಳು ಹುಟ್ಟಿದ ಮನೆಯಲ್ಲಿ 'ಕೊಟ್ಟ ಹೆಣ್ಣು', ಸೇರಿದ ಮನೆಯಲ್ಲಿ 'ತಂದ ಹೆಣ್ಣು'. ಮದುವೆಯಲ್ಲಿ ಹೆಸರನ್ನೇ ಬದಲಿಸುವ ರೂಢಿಯು ಹಲವು ಮನೆಗಳಲ್ಲಿ ಇದ್ದುದರಿಂದ, ತವರಿನಲ್ಲಿ ಕೇಳಿದ ಹೆಸರು ಗಂಡನ ಊರಿನಲ್ಲಿ ದೊರೆಯುವುದಿಲ್ಲ. ಹೀಗಾಗಿ ನಮ್ಮಲ್ಲಿ ಹೆಚ್ಚಿನವರು ತಂದೆಯ ಕಡೆ ಐದು ತಲೆಮಾರುಗಳನ್ನು ಹೇಳಬಲ್ಲೆವು. ತಾಯಿಯ ತಾಯಿಯ ತಾಯಿಯ ಹೆಸರನ್ನು ಕೇಳಿದರೆ ಮೌನವೇ ಉತ್ತರ.

ಇದು ಹಿಂದಿನ ಕಾಲದ ಮಾತಷ್ಟೇ ಆಗಿದ್ದರೆ ಖೇದಪಟ್ಟು ಸುಮ್ಮನಿರಬಹುದಾಗಿತ್ತು. ಆದರೆ ಇಂದಿಗೂ ಮನೆಯ ಹಿರಿಯನು ತೀರಿಕೊಂಡೊಡನೆ ಪೌತಿ ಖಾತೆಗಾಗಿ ನಾಡಕಚೇರಿಯಿಂದ ವಂಶವೃಕ್ಷವನ್ನು ಪಡೆಯಬೇಕಾಗುವುದು. ಕರ್ನಾಟಕದಲ್ಲಿ 1994ರ ತಿದ್ದುಪಡಿಯೂ, ದೇಶಕ್ಕೆಲ್ಲ 2005ರ ತಿದ್ದುಪಡಿಯೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನವಾದ ಹಕ್ಕನ್ನು ಕೊಟ್ಟಿವೆ. ಆ ಹಕ್ಕು ಹುಟ್ಟಿನಿಂದಲೇ ಬಂದುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿರುವುದು. ಹೀಗಿರಲು ವಂಶವೃಕ್ಷದಲ್ಲಿ ಮಗಳ ಹೆಸರನ್ನು ಬಿಡುವುದು ಬರಿಯ ಮರೆವಲ್ಲ, ಅವಳ ಪಾಲನ್ನು ಅಳಿಸುವುದೇ ಆಗಿದೆ. ಹಿಂದಿನವರು ಅರಿಯದೆ ಬಿಟ್ಟುದನ್ನು ನಾವು ಅರಿತೂ ಬಿಟ್ಟರೆ ಅದಕ್ಕೆ ಸಮಾಧಾನವಿಲ್ಲ.

ಆದುದರಿಂದ ಪ್ರತಿಯೊಂದು ಮನೆಯವರೂ ಮಾಡಬಹುದಾದ ಸುಲಭವಾದ ಕೆಲಸವೊಂದುಂಟು. ಮನೆಯಲ್ಲಿರುವ ಮುದುಕಿಯರ ಬಳಿ ಮೊದಲು ಕುಳಿತುಕೊಳ್ಳಬೇಕು. ಗಂಡನ ಹೆಸರನ್ನು ಹೇಳಲು ಸಂಕೋಚಪಡುವ ಅಜ್ಜಿಯಾದರೆ ಒಡಪಿನಲ್ಲಿ ಹೇಳಿಯಾಳು. ತವರಿನ ಹೆಸರುಗಳನ್ನು ಮಾತ್ರ ಕೇಳದೆಯೇ ಹೇಳುವಳು. ಅಟ್ಟದ ಮೇಲಿನ ಹಳೆಯ ತಾಮ್ರದ ಹಂಡೆ, ಹಿತ್ತಾಳೆಯ ಕೊಡಗಳನ್ನು ತೊಳೆದು ನೋಡಬೇಕು. ಮದುವೆಯಲ್ಲಿ ಬಂದ ಪಾತ್ರೆಗಳ ಕಂಠದಲ್ಲಿ ಕೊಟ್ಟವರ, ಕೆಲವೆಡೆ ಮದುಮಗಳ ಹೆಸರು ಕೆತ್ತಿರುವುದುಂಟು. ಹಳೆಯ ಕ್ರಯಪತ್ರಗಳಲ್ಲಿ ಹೆಬ್ಬೆರಳಿನ ಗುರುತಿನ ಪಕ್ಕದಲ್ಲಿ ಬರೆದ ಹೆಸರನ್ನು ಓದಬೇಕು. ಹೆಳವನು ಬಂದರೆ ಆದರಿಸಿ, ಅವನು ಹೇಳಿದುದನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅವನ ಮಕ್ಕಳು ಬೇರೆ ಉದ್ಯೋಗಗಳನ್ನು ಹಿಡಿದಂತೆಲ್ಲ ಈ ವಿದ್ಯೆಯು ಕ್ಷೀಣಿಸುತ್ತ ನಡೆದಿದೆ. ಕೇಳಿದುದನ್ನು ಕೇಳಿದಂತೆಯೂ, ಪತ್ರದಲ್ಲಿ ಕಂಡುದನ್ನು ಕಂಡಂತೆಯೂ, ಊಹಿಸಿದುದನ್ನು ಊಹೆಯೆಂದೂ ಬೇರೆ ಬೇರೆಯಾಗಿ ಬರೆದಿಡತಕ್ಕದ್ದು. ಮಗನ ಹೆಸರಿನ ಎದುರಿಗೆ ಮಗಳ ಹೆಸರನ್ನೂ, ಗಂಡನ ಊರಿನ ಎದುರಿಗೆ ಹೆಂಡತಿಯ ತವರನ್ನೂ, ಬಾಳಿದವರ ಸಾಲಿನಲ್ಲಿ ಎಳವೆಯಲ್ಲಿಯೇ ತೀರಿದ ಮಕ್ಕಳನ್ನೂ ಬರೆಯದೆ ಬಿಡಬಾರದು.

ವಿಸ್ತಾರವು ಸಾಕು. ಅರಸುಗಳ ವಂಶಾವಳಿಯನ್ನು ಕೊರೆಯಲು ಶಿಲ್ಪಿಗಳಿದ್ದರು, ಹೊಗಳಲು ಕವಿಗಳಿದ್ದರು. ಒಕ್ಕಲು ಮನೆಯ ವಂಶಾವಳಿಯನ್ನು ಬರೆಯಲು ಆ ಮನೆಯವರನ್ನು ಬಿಟ್ಟು ಬೇರೆ ಯಾರೂ ಇಲ್ಲ. ಒಬ್ಬ ಅಜ್ಜಿ ತೀರಿಕೊಂಡರೆ ಎರಡು ಮನೆತನಗಳ ಹೆಸರುಗಳು ಅವಳೊಡನೆ ಮಣ್ಣಾಗುವುವು. ಇಂದು ಕೇಳಬಹುದಾದುದನ್ನು ಮುಂದಿನ ಸುಗ್ಗಿಗೆಂದು ಮುಂದೂಡುವುದು ಉಚಿತವಲ್ಲ.