ಅಜ್ಜಿಯ ವಯಸ್ಸು

ನಮ್ಮ ತಂದೆಯ ತಾಯಿ ೨೦೧೯ನೆಯ ಇಸವಿಯಲ್ಲಿ ಬಳ್ಳಾರಿ ನಗರದ ನಮ್ಮ ಮನೆಯಲ್ಲಿ ತೀರಿಕೊಂಡರು. ಮರಣದ ದಾಖಲೆ ಪಡೆಯಲು ಹೋದಾಗ ವಯಸ್ಸಿನ ಅಂಕಣದಲ್ಲಿ ತೊಡಕು ಬಂದಿತು. ಪಡಿತರ ಚೀಟಿಯಲ್ಲಿ ಒಂದು ವಯಸ್ಸು, ಮತದಾರರ ಪಟ್ಟಿಯಲ್ಲಿ ಮತ್ತೊಂದು. ಎರಡಕ್ಕೂ ಒಂಬತ್ತು ವರ್ಷದ ಅಂತರ. ಗುಮಾಸ್ತರು ಸೌಜನ್ಯದಿಂದಲೇ "ಯಾವುದನ್ನು ಬರೆಯಲಿ?" ಎಂದು ಕೇಳಿದರು. ಕದಂಬರ ಕಾಲವನ್ನೂ ಚಾಲುಕ್ಯರ ಕಾಲವನ್ನೂ ತಡವರಿಸದೆ ಹೇಳಿ ಸಂಬಳ ಪಡೆಯುತ್ತಿದ್ದ ನಾವು, ನಮ್ಮನ್ನು ಎತ್ತಿ ಆಡಿಸಿದ ಅಜ್ಜಿಯ ವಯಸ್ಸನ್ನು ಹೇಳಲಾರದೆ ನಿಂತೆವು. ಅಂದು ಆದ ನಾಚಿಕೆಯೇ ಈ ಭಾಷಣಕ್ಕೆ ಮೂಲ.

ಅಜ್ಜಿಗೆ ಅಕ್ಷರ ಬಾರದು. ಹುಟ್ಟಿದ ತಿಥಿಯನ್ನಾಗಲಿ ಸಂವತ್ಸರವನ್ನಾಗಲಿ ಅವರ ತೌರಿನಲ್ಲಿ ಯಾರೂ ಬರೆದಿಡಲಿಲ್ಲ. ಆದರೆ ಶಾಸನದಲ್ಲಿ ಇಸವಿ ಅಳಿಸಿಹೋಗಿದ್ದರೆ ಚರಿತ್ರಕಾರನು ಕೈಕಟ್ಟಿ ಕುಳಿತುಕೊಳ್ಳುವುದಿಲ್ಲವಷ್ಟೆ. ಅಲ್ಲಿ ಹೆಸರಿಸಿದ ಅರಸನು ಯಾರು, ಗ್ರಹಣ ಯಾವುದು ಎಂದು ವಿಚಾರಿಸಿ ಕಾಲವನ್ನು ಗೊತ್ತುಮಾಡುತ್ತಾನೆ. ನಾವೂ ಅದೇ ಕ್ರಮವನ್ನು ಹಿಡಿದೆವು.

ಅಜ್ಜಿ ಆಗಾಗ ಹೇಳುತ್ತಿದ್ದ ಮಾತುಗಳಲ್ಲಿ ಎರಡು ನಮ್ಮ ನೆರವಿಗೆ ಬಂದುವು. ಮೊದಲನೆಯದು ಗಾಂಧಿಯವರ ವಿಷಯ. ಮಹಾತ್ಮರು ಬಳ್ಳಾರಿಗೆ ಬಂದುದು ೧೯೨೧ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ. ಅಜ್ಜಿಯ ತಂದೆಯವರು ಸಿರುಗುಪ್ಪದ ಕಡೆಯಿಂದ ಹಿರಿಯ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಹೋಗಿದ್ದರಂತೆ. "ಆಗ ನಾ ಇನ್ನಾ ಹುಟ್ಟಿದ್ದಿಲ್ಲ" ಎಂದು ಅಜ್ಜಿ ಸ್ಪಷ್ಟವಾಗಿ ಹೇಳುತ್ತಿದ್ದರು. ಎರಡನೆಯದು ಅವರ ಮದುವೆ. "ಶಾರದಾ ಕಾಯಿದೆ ಬರತೈತಿ ಅಂತ ಹೆದರಿ, ಒಂದ ಚಪ್ಪರದಾಗ ಐದು ಮದುವಿ ಮಾಡಿದ್ರು. ನಂಗ ಮುಂದಿನ ಹಲ್ಲು ಎರಡೂ ಬಿದ್ದಿದ್ವು. ಬೀಗರು ನಕ್ಕರಂತ ಬಾಯಿ ಮುಚ್ಚಿಕೊಂಡು ಕುಂತಿದ್ದೆ." ಹದಿನಾಲ್ಕು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ತಡೆಯುವ ಆ ಕಾಯಿದೆ, ಹರಬಿಲಾಸ ಶಾರದಾ ಅವರ ಯತ್ನದಿಂದ ೧೯೨೯ರಲ್ಲಿ ಅಂಗೀಕಾರವಾಗಿ, ೧೯೩೦ನೆಯ ಏಪ್ರಿಲ್ ಒಂದರಂದು ಜಾರಿಗೆ ಬಂದಿತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಬ್ರಿಟಿಷ್ ಇಂಡಿಯಾದ ಅನೇಕ ಕಡೆ ಬಾಲ್ಯವಿವಾಹಗಳು ಅವಸರದಿಂದ ನಡೆದುಹೋದುವು. ಮುಂದಿನ ಹಾಲುಹಲ್ಲು ಬೀಳುವುದು ಆರು ಏಳು ವರ್ಷಕ್ಕೆ. ಆದುದರಿಂದ ಅಜ್ಜಿಯ ಜನನ ೧೯೨೩ರ ಆಸುಪಾಸಿನದು. ತೀರಿಕೊಂಡಾಗ ಅವರಿಗೆ ತೊಂಬತ್ತಾರು ವರ್ಷ. ಒಂದು ಕಾನೂನೂ ಎರಡು ಹಲ್ಲೂ ಸೇರಿ ನಮ್ಮ ಪ್ರಶ್ನೆಗೆ ಉತ್ತರ ಕೊಟ್ಟುವು.

ಆದರೆ ಲೆಕ್ಕ ಮುಗಿದ ಮೇಲೆ ನಮಗೆ ಇನ್ನೊಂದು ವಿಚಾರ ಹೊಳೆಯಿತು. ಅಜ್ಜಿ ತಮ್ಮ ಕಾಲವನ್ನು ಎಣಿಸುತ್ತಿದ್ದುದು ಅರಸರಿಂದಲೂ ಅಲ್ಲ, ಸರ್ಕಾರಗಳಿಂದಲೂ ಅಲ್ಲ, ಕಾಳಿನಿಂದ. ಯಾವ ವರ್ಷ ಜೋಳ ಬಂತು, ಯಾವ ವರ್ಷ ಬರಲಿಲ್ಲ, ಯಾರ ಮನೆಯಲ್ಲಿ ಹಗೇವು ತೆರೆದರು ಎಂಬುದೇ ಅವರ ಪಂಚಾಂಗ. ಹಗೇವೆಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದೆ ಇರುತ್ತದೆ. ತೆರೆದೊಡನೆ ಇಳಿಯಕೂಡದು; ಒಳಗಿನ ಕೆಟ್ಟ ಗಾಳಿಗೆ ಪ್ರಾಣ ಹೋದೀತು. ಕುರುಗೋಡಿನ ಕಡೆಯ ನಮ್ಮ ಹಿರಿಯರ ಮನೆಯ ಮುಂದೆ ಅಂಥದೊಂದು ಹಗೇವಿತ್ತು.

ಈ ಎಚ್ಚರ ಅವರಿಗೆ ಎಲ್ಲಿಂದ ಬಂದಿತೆಂಬುದನ್ನು ತಿಳಿಯಬೇಕಾದರೆ ಧಾತು ಈಶ್ವರ ಸಂವತ್ಸರಗಳ ಬರಗಾಲಕ್ಕೆ, ಎಂದರೆ ೧೮೭೬-೭೮ಕ್ಕೆ ಹೋಗಬೇಕು. ಮದರಾಸು ಆಧಿಪತ್ಯದಲ್ಲಿ ಆ ಬರದಿಂದ ಅತ್ಯಂತ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೊಂದು. ೧೮೭೧ರ ಜನಗಣತಿಗೂ ೧೮೮೧ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಇಳಿದುಹೋಯಿತು. ಪರಿಹಾರದ ಕೆಲಸ ಮಾಡುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದು ಆಣೆ ಕಾಸು ಸಾಕೆಂದು ಸರ್ ರಿಚರ್ಡ್ ಟೆಂಪಲ್ ಅವರು ಗೊತ್ತುಮಾಡಿದರು. ಇಷ್ಟರಲ್ಲಿ ದುಡಿಯುವ ಮನುಷ್ಯನು ಬದುಕಲಾರನೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಅವರು ಬಲವಾಗಿ ಪ್ರತಿಭಟಿಸಿದರು. ಈ ವಾದವಿವಾದವೆಲ್ಲ ಅಚ್ಚಾದ ವರದಿಗಳಲ್ಲಿದೆ. ನಮ್ಮ ಅಜ್ಜಿಯ ಅಜ್ಜಿ ಆಗ ಎಂಟು ವರ್ಷದ ಹುಡುಗಿ. ಗಂಜಿಯ ಸಾಲಿನಲ್ಲಿ ನಿಂತವಳು. ಮನೆಯ ಏಳು ಮಂದಿಯಲ್ಲಿ ಉಳಿದವರು ಇಬ್ಬರು. ಆಕೆ ಮುದುಕಿಯಾದ ಮೇಲೆ ಮೊಮ್ಮಗಳಿಗೆ ಉಣಿಸುವಾಗ, ನೆಲಕ್ಕೆ ಬಿದ್ದ ರೊಟ್ಟಿಯ ಚೂರನ್ನು ತಾನು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳಂತೆ. "ಆ ಬರ ನಾ ಕಂಡಿಲ್ಲಪ್ಪ; ಕಂಡಾಕಿ ಕೈತುತ್ತು ಉಂಡೀನಿ" ಎಂದು ಅಜ್ಜಿ ಹೇಳುತ್ತಿದ್ದರು. ನಾವು ಓದಿದ ಯಾವ ವರದಿಯೂ ಆ ಬರವನ್ನು ನಮಗೆ ಇಷ್ಟು ಹತ್ತಿರ ತಂದುದಿಲ್ಲ.

ಅಜ್ಜಿ ತಮ್ಮ ಜೀವಮಾನದಲ್ಲಿ ಸಿರುಗುಪ್ಪ, ಕುರುಗೋಡು, ಬಳ್ಳಾರಿ ಎಂಬ ಈ ಮೂರು ಊರುಗಳ ಸೀಮೆಯನ್ನು ಬಿಟ್ಟು ದೂರ ಹೋದವರಲ್ಲ. ಆದರೂ ರಾಜ್ಯಗಳು ಅವರ ಸುತ್ತ ಬದಲಾಗುತ್ತ ಹೋದುವು. ಅವರು ಹುಟ್ಟಿದುದು ಮದರಾಸು ಆಧಿಪತ್ಯದಲ್ಲಿ. ತೌರೂರಿನಿಂದ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದರೆ ಅದು ನಿಜಾಮರ ರಾಜ್ಯ. ೧೯೪೮ರಲ್ಲಿ ರಜಾಕಾರರ ಹಾವಳಿಯಿಂದ ಆಚೆಯ ದಡದ ಸಂಸಾರಗಳು ಹೊಳೆ ದಾಟಿ ಬಂದಾಗ ಅಜ್ಜಿ ಬಾಣಂತನಕ್ಕೆಂದು ತೌರಿನಲ್ಲಿದ್ದರು. ಎಳೆಗೂಸಾಗಿದ್ದವರು ನಮ್ಮ ತಂದೆ. ಬಂದವರಿಗಾಗಿ ಆ ಮನೆಯಲ್ಲಿ ಹಗಲಿರುಳು ರೊಟ್ಟಿ ಬಡಿದರಂತೆ. "ಅವರು ಯಾರು, ಯಾ ಜಾತಿ, ಕೇಳಲಿಕ್ಕ ಯಾರಿಗೆ ಪುರುಸೊತ್ತಿತ್ತು? ಹಿಟ್ಟು ಮುಗೀತದ ಅಂಬೋದ ಒಂದ ಚಿಂತಿ" ಎಂಬುದು ಅವರು ಕೊಟ್ಟ ವರ್ಣನೆ. ಆ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದನ್ನು ಪ್ರವೇಶಿಸಿತು, ಬಂದವರು ಮರಳಿಹೋದರು.

೧೯೫೨ರಲ್ಲಿ ನಮ್ಮ ತಾತನವರು ಜ್ವರದಿಂದ ತೀರಿಕೊಂಡರು. ಅಜ್ಜಿಗೆ ಆಗ ಮೂವತ್ತು ತುಂಬಿರಲಿಲ್ಲ. ಮೂರು ಮಕ್ಕಳು, ಒಂಬತ್ತು ಎಕರೆ ಎರೆಯ ಹೊಲ. ಹೊಲವನ್ನು ಕೋರಿಗೆ ಕೊಟ್ಟು ತೌರಿಗೆ ಹೋಗಬೇಕೆಂದು ಬಂಧುಗಳು ಬುದ್ಧಿ ಹೇಳಿದರು. ಅಜ್ಜಿ ಎದುರು ಮಾತನಾಡಲಿಲ್ಲ. ಆ ವರ್ಷದ ಸುಗ್ಗಿಯಲ್ಲಿ ತಾವೇ ಹೋಗಿ ಕಣದಲ್ಲಿ ಕುಳಿತರು. ಗೋಡೆಯ ಮೇಲೆ ಇದ್ದಲಿನಿಂದ ಗೀರು ಎಳೆದು ಆಳುಗಳ ಲೆಕ್ಕವನ್ನೂ ಚೀಲಗಳ ಲೆಕ್ಕವನ್ನೂ ಇಟ್ಟರು. ಆ ಲೆಕ್ಕದಲ್ಲಿ ತಪ್ಪು ಹಿಡಿದವರನ್ನು ನಾವು ಕೇಳಿಲ್ಲ.

ಮಾರನೆಯ ವರ್ಷ, ೧೯೫೩, ಬಳ್ಳಾರಿಯ ಚರಿತ್ರೆಯಲ್ಲಿಯೇ ದೊಡ್ಡದು. ಜುಲೈ ತಿಂಗಳಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟರು. ಅಕ್ಟೋಬರ್ ಒಂದರಂದು ಆಂಧ್ರ ರಾಜ್ಯ ಸ್ಥಾಪನೆಯಾಯಿತು; ನ್ಯಾಯಮೂರ್ತಿ ವಾಂಛೂ, ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಗಳ ತರುವಾಯ ಜಿಲ್ಲೆ ಎರಡಾಗಿ, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ, ಬಳ್ಳಾರಿ, ಸಿರುಗುಪ್ಪ ಮೊದಲಾದುವು ಮೈಸೂರಿಗೂ ಸೇರಿದುವು. ಬಳ್ಳಾರಿ ಯಾರದೆಂಬ ವಾದದಲ್ಲಿ ಊರು ಕುದಿಯುತ್ತಿದ್ದ ಆ ದಿನಗಳಲ್ಲಿ, ವಿಲೀನದ ಉತ್ಸವದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರು ದಾಳಿಗೆ ಸಿಕ್ಕಿ ಪ್ರಾಣ ತೆತ್ತುದನ್ನು ಕನ್ನಡ ನಾಡು ಮರೆಯಲಾಗದು. ಕನ್ನಡಿಗರಾದ ನಾವು ಆ ದಿನವನ್ನು ಹರ್ಷದಿಂದ ನೆನೆಯುತ್ತೇವೆ, ನೆನೆಯತಕ್ಕದ್ದೇ. ಅಜ್ಜಿಗೂ ಹರ್ಷವಾಗಿತ್ತು. ಆದರೆ ಅವರ ಅಕ್ಕನನ್ನು ಕೊಟ್ಟಿದ್ದುದು ಆಲೂರು ತಾಲ್ಲೂಕಿನ ಹಳ್ಳಿಗೆ. ಒಂದು ಜಿಲ್ಲೆಯ ಅಕ್ಕತಂಗಿಯರು ಎರಡು ರಾಜ್ಯದವರಾದರು. ಮುಂದೆ ಅರವತ್ತರ ದಶಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಧಾನ್ಯ ಸಾಗಿಸುವುದಕ್ಕೆ ನಿರ್ಬಂಧ ಬಂದಾಗ, ಅಕ್ಕನಿಗೆ ಕೊಡಲು ಒಯ್ಯುತ್ತಿದ್ದ ಜೋಳದ ಗಂಟನ್ನು ದಾರಿಯಲ್ಲಿ ತಡೆದರು. ಅಜ್ಜಿ ಹಿಂದಿರುಗಿ ಬಂದು, ಎರಡು ದಿನ ಕುಳಿತು ಕಟಿರೊಟ್ಟಿ ಬಡಿದು ಒಣಗಿಸಿ, ಬುಟ್ಟಿಯ ತುಂಬ ಹೊತ್ತು ನಡೆದರು. "ಕಾಳು ಒಯ್ಯಬಾರದು ಅಂದ್ರು, ರೊಟ್ಟಿ ಒಯ್ಯಬಾರದು ಅಂದಿದ್ದಿಲ್ಲ!"

ಕಾಲುವೆಯ ನೀರು ಆ ಸೀಮೆಯ ಬಾಳನ್ನೇ ಬದಲಾಯಿಸಿತು. ಹೊಳೆಯ ಪಕ್ಕದ ಕೆಲವು ಭೂಮಿಗಳಿಗೆ ವಿಜಯನಗರದ ಅರಸರ ಕಾಲದ ಕಾಲುವೆಗಳು ಮೊದಲೇ ಇದ್ದುವು. ಒಳನಾಡಿನ ಎರೆಯ ಭೂಮಿಗೆ ಮಳೆಯೇ ಗತಿಯಾಗಿತ್ತು. ಎರೆಗೆ ನೀರು ಕಟ್ಟುವ ಬಗೆ ಹೇಗೆಂಬುದನ್ನು ಪರೀಕ್ಷಿಸಲು ಸಿರುಗುಪ್ಪದಲ್ಲಿ ೧೯೩೭ರಷ್ಟು ಹಿಂದೆಯೇ ಸಂಶೋಧನಾ ಕ್ಷೇತ್ರವನ್ನು ತೆರೆದಿದ್ದರು. ಮಿತವಾಗಿ ನೀರು ಕೊಟ್ಟು ಜೋಳ, ಹತ್ತಿಗಳನ್ನು ಹೆಚ್ಚು ಜಾಗದಲ್ಲಿ ಬೆಳೆಯಬೇಕೆಂಬುದು ಯೋಜಕರ ಎಣಿಕೆ. ರೈತರು ಹಿಡಿದುದು ಬತ್ತವನ್ನು. ಕೃಷ್ಣಾ ಗೋದಾವರಿ ಸೀಮೆಗಳಿಂದ ಬಂದ ಒಕ್ಕಲಿಗರು ಕ್ಯಾಂಪುಗಳನ್ನು ಕಟ್ಟಿಕೊಂಡು ಬತ್ತದ ಬೇಸಾಯವನ್ನು ಹಬ್ಬಿಸಿದರು. ಹಣ ಬಂದಿತು, ಶಾಲೆ ಬಂದಿತು, ನಮ್ಮ ತಂದೆಯವರು ಓದಿದರು, ನಾವು ಇಂಗ್ಲಿಷು ಕಲಿತೆವು. ಕೆಲವು ತಗ್ಗಿನ ಹೊಲಗಳು ನೀರು ಹೆಚ್ಚಾಗಿ ಸವುಳೂ ಆದುವು. ಅಜ್ಜಿ ಏಳು ಎಕರೆಗೆ ಬತ್ತ ಹಾಕಲು ಒಪ್ಪಿ, ಎರಡು ಎಕರೆಯನ್ನು ಜೋಳಕ್ಕೇ ಉಳಿಸಿದರು. ಹಗೇವನ್ನು ಬರಿದಾಗಲು ಬಿಡಲಿಲ್ಲ. ೧೯೭೨ರ ಬರದಲ್ಲಿ ಅದನ್ನು ತೆರೆದಾಗ, ಮಳೆಯಾಶ್ರಯದ ಹಳ್ಳಿಗಳಿಂದ ಬಂದ ನಂಟರು ಆ ಜೋಳವನ್ನುಂಡು ಹಂಗಾಮು ಕಳೆದರೆಂದು ನಮ್ಮ ತಂದೆಯವರು ಹೇಳುತ್ತಿದ್ದರು.

ಈಗ ನಮ್ಮ ತಪ್ಪನ್ನು ಹೇಳಬೇಕು. ೧೯೯೮ರಲ್ಲಿ ಅಜ್ಜಿ ಕಣ್ಣಿನ ಪೊರೆ ತೆಗೆಸಲು ಬಳ್ಳಾರಿಗೆ ಬಂದು ಒಂದು ತಿಂಗಳು ಇದ್ದರು. ಹಳ್ಳಿಯ ಮನೆಯನ್ನು ಆಗ ವಿಸ್ತರಿಸುತ್ತಿದ್ದೆವು. ಹಗೇವು ಹಲವು ವರ್ಷಗಳಿಂದ ತುಂಬದೆ ಬರಿದಾಗಿತ್ತು. ಮಕ್ಕಳು ಬಿದ್ದಾರೆಂಬ ಭಯವೂ ಇತ್ತು. ಮೂರು ಟ್ರಾಕ್ಟರ್ ಮಣ್ಣು ಹಾಕಿಸಿ ಮುಚ್ಚಿಸಿದೆವು. ಮನೆಯವರಲ್ಲಿ ಒಬ್ಬರೂ ಬೇಡವೆನ್ನಲಿಲ್ಲ. ಕಾಲೇಜಿನಲ್ಲಿ ಚರಿತ್ರೆಯನ್ನು ಓದುತ್ತಿದ್ದ ನಾವೂ ಎನ್ನಲಿಲ್ಲ. ಅಜ್ಜಿ ಹೊಸ ಕಣ್ಣಿನಿಂದ ಅಂಗಳವನ್ನು ನೋಡಿ, ಸ್ವಲ್ಪ ಹೊತ್ತು ನಿಂತು ಕೇಳಿದರು:

"ಒಳಗ ಏನ್ ತುಂಬೀರಿ?"

"ಮಣ್ಣು, ಅಜ್ಜೀ."

"ಆತು ಬಿಡ್ರಿ. ಬರ ಬಂದ್ರ ಅದನ್ನ ತೆಗದು ಉಣ್ಣೀರಂತ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಮತ್ತೆ ಆ ಪ್ರಸ್ತಾಪವನ್ನು ಅವರು ಎತ್ತಲೂ ಇಲ್ಲ.

ಕೆಲವು ವರ್ಷಗಳಲ್ಲಿಯೇ, ೨೦೦೧ರಿಂದ ಮೂರು ವರ್ಷ, ರಾಜ್ಯದಲ್ಲಿ ಬರ ಬಿದ್ದಿತು. ನಿಜವನ್ನು ಹೇಳುವುದಾದರೆ ನಮ್ಮಲ್ಲಿ ಯಾರೂ ಹಸಿಯಲಿಲ್ಲ. ನ್ಯಾಯಬೆಲೆಯ ಅಂಗಡಿಯಿತ್ತು, ಪೇಟೆಯಲ್ಲಿ ಅಕ್ಕಿಯಿತ್ತು, ತಿಂಗಳ ಸಂಬಳವಿತ್ತು. ೧೮೭೬ರ ಗಂಜಿಯ ಸಾಲಿಗೂ ಇಂದಿಗೂ ಇರುವ ಅಂತರ ಸಣ್ಣದಲ್ಲ. ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅಜ್ಜಿಯೇ. ಪಡಿತರದ ಅಕ್ಕಿ ಮನೆಗೆ ಬಂದಾಗ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಹಗೇವು ಇದ್ದಿದ್ದರೆ ನಾವು ಉಳಿದೆವು, ಇಲ್ಲದಿದ್ದರೆ ಅಳಿದೆವು ಎಂದು ಹೇಳಲು ನಾವು ಬಂದವರಲ್ಲ. ನಮ್ಮನ್ನು ಕಾಡುವ ಸಂಗತಿ ಬೇರೆ. ಹಂಪೆಯಲ್ಲಿ ಒಂದು ಕಲ್ಲು ಕದಲಿದರೆ ನಾವು ಪತ್ರಿಕೆಗೆ ಬರೆಯುತ್ತೇವೆ. ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದು, ಆ ಭಾರಿ ಏಕಶಿಲೆಯ ನಂದಿಯನ್ನು ತೋರಿಸಿ, ಸಿಂದ ಅರಸರ ಕಥೆ ಹೇಳುತ್ತೇವೆ. ಅದೇ ಸೀಮೆಯಲ್ಲಿ, ನಮ್ಮ ಅಂಗಳದಲ್ಲಿಯೇ, ಒಂದು ಮಹಾಕ್ಷಾಮದ ನೆನಪನ್ನು ನೂರು ವರ್ಷಕ್ಕೂ ಮೇಲೆ ಹೊತ್ತು ನಿಂತಿದ್ದ ದಾಖಲೆಯನ್ನು ನಮ್ಮ ಕೈಯಿಂದಲೇ ಮುಚ್ಚಿದೆವು. ಅದನ್ನು ಓದಬಲ್ಲವರು ಮನೆಯಲ್ಲಿ ಒಬ್ಬರಿದ್ದರು. ಅವರನ್ನು ಅಕ್ಷರ ಬಾರದವರೆಂದು ಎಣಿಸಿದ್ದೆವು.

ಅಜ್ಜಿ ಕೊನೆಯ ಹದಿನೈದು ವರ್ಷಗಳನ್ನು ಬಳ್ಳಾರಿಯ ನಮ್ಮ ಮನೆಯಲ್ಲಿ ಕಳೆದರು. ಅವರ ಮಂಚದ ಕೆಳಗೆ ಒಂದು ಚೀಲ ಜೋಳ ಯಾವಾಗಲೂ ಇರಬೇಕು. ಸುಗ್ಗಿ ಬಂದಾಗ ಹಳೆಯದನ್ನು ಬೀಸಿಸಿ ಹೊಸದನ್ನು ತುಂಬಿಸುವರು. ನುಸಿ ಬರುತ್ತದೆ, ಇಲಿ ಬರುತ್ತದೆ ಎಂದು ಹೆಂಗಸರು ಗೊಣಗುತ್ತಿದ್ದರು. ಆ ಚೀಲ ಮಾತ್ರ ಅಲುಗಲಿಲ್ಲ. ಅವರು ತೀರಿಕೊಂಡ ಮೂರನೆಯ ದಿನ ಮಂಚವನ್ನು ಸರಿಸಿದಾಗ ಚೀಲ ಅಲ್ಲಿಯೇ ಇದ್ದಿತು, ಬಾಯಿ ಹೊಲಿದಿದ್ದಿತು. ದಿನದ ಊಟಕ್ಕೆ ಬಂದ ಬಂಧುಗಳಿಗೆ ಅದೇ ಜೋಳದ ರೊಟ್ಟಿಯನ್ನು ಬಡಿಸಿದೆವು. ಆಲೂರು ಕಡೆಯಿಂದ ಅಜ್ಜಿಯ ಅಕ್ಕನ ಮೊಮ್ಮಕ್ಕಳೂ ಬಂದಿದ್ದರು. ತಮ್ಮ ಅಜ್ಜಿ ಹೇಳುತ್ತಿದ್ದ ಕಟಿರೊಟ್ಟಿಯ ಬುಟ್ಟಿಯ ಕಥೆಯನ್ನು ಅವರು ತೆಲುಗಿನಲ್ಲಿ ಹೇಳಿದರು, ನಾವು ಕನ್ನಡದಲ್ಲಿ ಕೇಳಿದೆವು.

ಮರಣದ ದಾಖಲೆಯಲ್ಲಿ ಮತದಾರರ ಪಟ್ಟಿಯ ವಯಸ್ಸೇ ಬಿದ್ದಿದೆ. ಅದನ್ನು ತಿದ್ದಿಸುವುದಕ್ಕೆ ಹಲ್ಲು ಬಿದ್ದ ಸಾಕ್ಷ್ಯ ಸಾಲದು. ಮನೆಯ ಪುಸ್ತಕದಲ್ಲಿ ನಾವು ತೊಂಬತ್ತಾರು ಎಂದು ಬರೆದುಕೊಂಡಿದ್ದೇವೆ. ಶ್ರೋತೃಗಳೇ, ನಿಮ್ಮ ಮನೆಗಳಲ್ಲಿಯೂ ಇಂಥ ಹಿರಿಯರು ಇದ್ದಾರು. ಅವರ ವಯಸ್ಸನ್ನು ಕೇಳುವಾಗ ಮದುವೆಯ ಚಪ್ಪರವನ್ನೂ ಕೇಳಿ, ಬರವನ್ನೂ ಕೇಳಿ. ಅಂಗಳದ ಹಳ್ಳವನ್ನು ಮುಚ್ಚಿಸುವುದಕ್ಕೆ ಮುಂಚೆ, ಅದರಲ್ಲಿ ಏನು ತುಂಬುತ್ತಿದ್ದರೆಂದು ಒಮ್ಮೆ ವಿಚಾರಿಸಿ. ನಾವು ವಿಚಾರಿಸಲಿಲ್ಲ.