ಬಾಡದ ಬೆಕ್ಕಿಗೆ ಯಾವ ಕುಲ?

ಕುಮಟಾ ತಾಲೂಕಿನ ಕಡಲಂಚಿನ ಬಾಡದಲ್ಲಿ ಮೀನು ಕೊಯ್ಯುವ ಹೊತ್ತಿಗೆ ಹಿತ್ತಿಲ ಬಾಗಿಲಿಗೆ ಬೆಕ್ಕು ಹಾಜರಾಗದ ಮನೆ ಅಪರೂಪ. ಬೂದು ಮೈ, ಹುಲಿಪಟ್ಟೆ, ಹಣೆಯ ಮೇಲೆ ನಾಮ ಎಳೆದಂಥ ಗೆರೆ. ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು "ಅಜ್ಜೀ, ಇದು ಯಾವ ಬ್ರೀಡು?" ಎಂದು ಕೇಳಿದರೆ, "ಬ್ರೀಡೂ ಇಲ್ಲ ಗೀಡೂ ಇಲ್ಲ, ನಮ್ಮನೆ ಬೆಕ್ಕು ಅದು" ಎಂಬ ಉತ್ತರ ಬರುತ್ತದೆ. ಉಡಾಫೆಯ ಮಾತೆನಿಸಿದರೂ ಅಜ್ಜಿಯ ಉತ್ತರ ವಿಜ್ಞಾನಕ್ಕೆ ತೀರ ದೂರವೇನಲ್ಲ.

ಹಾಗೆ ನೋಡಿದರೆ ಈ 'ನಮ್ಮನೆ ಬೆಕ್ಕು' ಮೂಲತಃ ನಮ್ಮದಲ್ಲ. ಘಟ್ಟದ ಕಾಡುಬೆಕ್ಕಿಗೂ ಅದಕ್ಕೂ ತಾಯಿಬೇರಿನ ಸಂಬಂಧವಿಲ್ಲ. ಜಗತ್ತಿನ ಸಾಕುಬೆಕ್ಕುಗಳೆಲ್ಲ ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳ ಒಂದೇ ಬಗೆಯ ಕಾಡುಬೆಕ್ಕಿನ ಸಂತತಿ ಎಂಬುದನ್ನು 2007ರ ತಳಿಶಾಸ್ತ್ರದ ಅಧ್ಯಯನವೊಂದು ತೋರಿಸಿಕೊಟ್ಟಿತು. ಹಡಗುಗಳಲ್ಲಿ ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ವಿಜಯನಗರದ ಕಾಲದಲ್ಲಿ ಕಡಲಾಚೆಯ ಕುದುರೆಗಳು ಬಂದಿಳಿಯುತ್ತಿದ್ದ ಭಟ್ಕಳ, ಅಕ್ಕಿ ಮೆಣಸುಗಳ ಹೊನ್ನಾವರ ಎರಡೂ ಈ ಕರಾವಳಿಯವೇ.

ಇಲ್ಲಿ ಒಬ್ಬ ಪ್ರವಾಸಿಯನ್ನು ನೆನೆಯಲೇಬೇಕು. ರೋಮ್ ನಗರದ ಪಿಯೆತ್ರೊ ಡೆಲ್ಲ ವಾಲೆ 1623ರ ಅಕ್ಟೋಬರಿನಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹಡಗೇರಿ ಹೊನ್ನಾವರಕ್ಕೆ ಬಂದ. ಬಾಡದ ಎದುರಿನ ಕಡಲೇ ಆ ಹಾದಿ. ಅಲ್ಲಿಂದ ಶರಾವತಿಯಲ್ಲಿ ಗೇರುಸೊಪ್ಪೆಗೆ ಸಾಗಿ, ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನ ಕಂಡ. ಕೆಳದಿಯ ಇತಿಹಾಸಕಾರರಿಗೆ ಅವನ ಪತ್ರಗಳು ಬಹಳ ಬೇಕಾದವು. ಆದರೆ ಬೆಕ್ಕಿನ ಇತಿಹಾಸ ಬರೆಯುವವರೂ ಇದೇ ಮನುಷ್ಯನನ್ನು ಹುಡುಕಿಕೊಂಡು ಹೋಗುತ್ತಾರೆ ಎಂಬುದು ಸೋಜಿಗದ ಸಂಗತಿ! ಮೂರು ವರ್ಷ ಮೊದಲು, 1620ರಲ್ಲಿ, ಪರ್ಷಿಯದಿಂದ ಬರೆದ ಪತ್ರದಲ್ಲಿ ಅವನು ಖೊರಾಸಾನದ ಬೆಕ್ಕುಗಳನ್ನು ಬಣ್ಣಿಸಿದ್ದ. ಪಟ್ಟೆಯಿಲ್ಲದ ಬೂದು ಬಣ್ಣ, ರೇಷ್ಮೆಯಂಥ ಉದ್ದ ಕೂದಲು, ಅಳಿಲಿನಂತೆ ಬೆನ್ನ ಮೇಲೆ ಹೊರಳಿಸುವ ಪೊದೆಬಾಲ. ಕೆಲವನ್ನು ಇಟಲಿಗೆ ಒಯ್ಯುವ ಆಸೆಯೂ ಅವನಿಗಿತ್ತು. ಪೋರ್ಚುಗೀಸರು ಇವನ್ನು ಪರ್ಷಿಯದಿಂದ ಇಂಡಿಯಕ್ಕೆ ತಂದಿದ್ದಾರೆಂದೂ ಬರೆದ. ಹೊನ್ನಾವರದ ಕೋಟೆಯಲ್ಲಿ ಆಗ ಇದ್ದವರು ಅದೇ ಪೋರ್ಚುಗೀಸರು.

ಹಾಗಾದರೆ ಇಂದು ಬಾಡದಲ್ಲಿ ಉದ್ದ ಕೂದಲಿನ ಮರಿಯೊಂದು ಹುಟ್ಟಿದರೆ ಅದು ಆ ಹಡಗಿನ ಬೆಕ್ಕಿನ ವಂಶವೆ? ಇರಬಹುದು, ಕಳೆದ ವರ್ಷ ಪಕ್ಕದ ಕೇರಿಯಿಂದ ಬೇಲಿ ಹಾರಿ ಬಂದ ಗಂಡುಬೆಕ್ಕಿನ ಕೊಡುಗೆಯೂ ಇರಬಹುದು. ಉದ್ದ ಕೂದಲಿನ ಗುಣ ಅಡಗಿ ಸಾಗುವಂಥದು. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮೈಮೇಲೆ ಕಾಣುತ್ತದೆ. ಹೀಗಾಗಿ ಗಿಡ್ಡ ಕೂದಲಿನ ಜೋಡಿಗೂ ಒಂದು ಸೂಲಿನಲ್ಲಿ ಒಂದೇ ಒಂದು ಜೂಲು ಮರಿ ಹುಟ್ಟಬಹುದು. ಕೂದಲು ನೋಡಿ ಕುಲ ಹೇಳುವುದು ಅಸಾಧ್ಯ.

ಬಣ್ಣದ ಕತೆಯೂ ಅಷ್ಟೆ. ಹುಲಿಪಟ್ಟೆ ಆ ಮೂಲ ಕಾಡುಬೆಕ್ಕಿನದೇ ಉಡುಗೆ. ಕೆಂಚು ಬಣ್ಣದ ಗುಣ ಎಕ್ಸ್ ವರ್ಣತಂತುವಿನಲ್ಲಿದೆ. ಅದಕ್ಕೆ ಕಾರಣವಾದ ಬದಲಾವಣೆಯನ್ನು ಜಪಾನ್ ಮತ್ತು ಅಮೆರಿಕದ ತಂಡಗಳು 2025ರಲ್ಲಿ ಪ್ರಕಟಿಸಿದವು. ಬಿಳಿ, ಕಪ್ಪು, ಕೆಂಚು ಮೂರೂ ಇರುವ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣಾಗಿರುವುದು ಇದರಿಂದಲೇ. ಇವು ಬಣ್ಣಗಳು, ತಳಿಗಳಲ್ಲ.

ತಳಿ ಎಂಬುದು ಬಹುಮಟ್ಟಿಗೆ ಕಾಗದದ ವ್ಯವಹಾರ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹ್ಯಾರಿಸನ್ ವೀರ್ ಎಂಬ ಚಿತ್ರಕಾರ ಬೆಕ್ಕುಗಳ ಪ್ರದರ್ಶನ ಏರ್ಪಡಿಸಿದ. ಇಂದಿನ ತಳಿಗಳಲ್ಲಿ ಹೆಚ್ಚಿನವು ಅದರ ಈಚಿನವು. ತಮಾಷೆಯೆಂದರೆ, 2008ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ತಳಿಬೆಕ್ಕುಗಳ ಡಿಎನ್‌ಎ ಹೋಲಿಸಿದಾಗ ಇಂದಿನ 'ಪರ್ಷಿಯನ್' ಬೆಕ್ಕು ಪಶ್ಚಿಮ ಯುರೋಪಿನ ಬೀದಿಬೆಕ್ಕುಗಳಿಗೆ ಹತ್ತಿರವೆಂದು ಕಂಡುಬಂತು. ಹೆಸರಷ್ಟೇ ಪರ್ಷಿಯದ್ದು!

ಇನ್ನು ಸ್ವಭಾವ. ಫಿನ್ಲೆಂಡಿನ ಸಂಶೋಧಕರು 2019ರಲ್ಲಿ 5,726 ಬೆಕ್ಕುಗಳ ಮಾಹಿತಿ ಪರಿಶೀಲಿಸಿ, ಚುರುಕುತನ, ನಾಚಿಕೆ ಮುಂತಾದವು ತಳಿಯಿಂದ ತಳಿಗೆ ಬದಲಾಗುತ್ತವೆಂದೂ ಇವುಗಳಲ್ಲಿ ಸುಮಾರು ಅರ್ಧ ಪಾಲು ಹುಟ್ಟಿನಿಂದ ಬರುತ್ತದೆಂದೂ ಹೇಳಿದ್ದಾರೆ. ಉಳಿದರ್ಧ? ಹುಟ್ಟಿದ ಎರಡರಿಂದ ಏಳನೇ ವಾರದೊಳಗೆ ಮನುಷ್ಯರ ಕೈಗೆ ಸಿಕ್ಕಿ ಬೆಳೆದ ಮರಿ ಮಡಿಲೇರುತ್ತದೆ. ಅಟ್ಟದ ಮೇಲೇ ಬೆಳೆದದ್ದು ಕೊನೆತನಕ ಸೆರಗಿನ ಗಾಳಿಗೂ ಬೆಚ್ಚುತ್ತದೆ. 'ಹೆಚ್ಚು ಮಾತಾಡುತ್ತದೆ, ಆದ್ದರಿಂದ ಸಯಾಮಿ ರಕ್ತ' ಎನ್ನುವವರ ತರ್ಕ ನಿಲ್ಲುವುದಿಲ್ಲ.

ಆದರೂ ಒಂದು ಸಂದರ್ಭದಲ್ಲಿ ಕುಲವಿಚಾರ ಬೇಕಾಗುತ್ತದೆ, ಅದು ಪ್ರತಿಷ್ಠೆಗಾಗಿ ಅಲ್ಲ. ಪರ್ಷಿಯನ್ ತಳಿಯಲ್ಲಿ ಮೂತ್ರಪಿಂಡದೊಳಗೆ ನೀರುಗುಳ್ಳೆ ಬೆಳೆಯುವ ಆನುವಂಶಿಕ ರೋಗವಿದೆ. ಇದು ಉದ್ದ ಕೂದಲಿನಂತೆ ಅಡಗಿ ಕೂರುವುದಿಲ್ಲ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಮರಿಗೆ ದಾಟುವ ಸಂಭವ ಅರ್ಧಕ್ಕರ್ಧ. ವರ್ಷಗಟ್ಟಲೆ ಚೆನ್ನಾಗಿಯೇ ಇದ್ದ ಬೆಕ್ಕು ನಡುವಯಸ್ಸಿನಲ್ಲಿ ಮೇವು ಬಿಟ್ಟು, ನೀರಿನ ಪಾತ್ರೆಯ ಬಳಿಯೇ ಕೂರತೊಡಗಿ ಸೊರಗುತ್ತದೆ. ಹಿತ್ತಿಲಿನ ಮರಿಯ ಮೂಗು ಚಪ್ಪಟೆಯಾಗಿ, ಮುಖ ದುಂಡಗಾಗಿ, ಕೂದಲೂ ಉದ್ದವಿದ್ದರೆ ಪಶುವೈದ್ಯರಿಗೆ ತೋರಿಸಿ ಹೊಟ್ಟೆಯ ಸ್ಕ್ಯಾನಿಂಗ್ ಅಥವಾ ಡಿಎನ್‌ಎ ಪರೀಕ್ಷೆಯ ಬಗ್ಗೆ ಕೇಳುವುದು ಒಳ್ಳೆಯದು. ಹುಲಿಪಟ್ಟೆಯ, ಉದ್ದ ಮೂಗಿನ ಉಳಿದವಕ್ಕೆ ಅಜ್ಜಿ ಕೊಟ್ಟ ಹೆಸರೇ ಸಾಕು.