ಬೆಚ್ಚನೆಯ ನೊರೆನೀರಿನ ಕಯಾಕಿಂಗ್: ಉಡುಪು ಮತ್ತು ರಕ್ಷಣಾ ಸಾಧನಗಳು

ಬಂಡೆಗಳ ನಡುವೆ ಧುಮುಕಿ, ಗಾಳಿಯೊಡನೆ ಬೆರೆತು ಬೆಳ್ಳಗೆ ಕಾಣುವ ನದಿಯ ಹರಿವಿಗೆ ನೊರೆನೀರು ಎಂದು ಹೆಸರು. ಇಂಥ ಹರಿವಿನಲ್ಲಿ ಎರಡು ಅಲಗಿನ ಹುಟ್ಟು ಹಿಡಿದು ಒಬ್ಬರೇ ಕುಳಿತು ಕಿರುದೋಣಿ ನಡೆಸುವ ಸಾಹಸಕ್ರೀಡೆಯೇ ನೊರೆನೀರಿನ ಕಯಾಕಿಂಗ್. ನೀರಿನ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುವ ಉಷ್ಣವಲಯದ ನದಿಗಳಲ್ಲಿ, ಅಂದರೆ ಉಗಾಂಡದ ಜಿಂಜಾ ಬಳಿಯ ಬಿಳಿ ನೈಲ್, ಜಾಂಬಿಯಾ ಮತ್ತು ಜಿಂಬಾಬ್ವೆಗಳ ಗಡಿಯ ಜಾಂಬೆಜಿ, ಕೇರಳದ ಕಲ್ಲಿಕೋಟೆ ಜಿಲ್ಲೆಯ ಚಾಲಿಪ್ಪುಳ, ಉತ್ತರ ಕನ್ನಡದ ಕಾಳಿ ಮೊದಲಾದೆಡೆ, ಮೈ ಬೆಚ್ಚಗಿಡುವುದು ಉಡುಪಿನ ಮುಖ್ಯ ಕೆಲಸವಲ್ಲ. ಬಿಸಿಲು, ಬಂಡೆಯ ಉಜ್ಜು ಮತ್ತು ಮೈಕಾವಿನ ಏರಿಕೆಯಿಂದ ಕಾಪಾಡುವುದೇ ಅದರ ಕೆಲಸ. ಆದರೆ ಪ್ರವಾಹದ ಬಲವೂ ಬಂಡೆಯ ಗಡಸುತನವೂ ನೀರು ಬೆಚ್ಚಗಿದ್ದ ಮಾತ್ರಕ್ಕೆ ಕಡಮೆಯಾಗುವುದಿಲ್ಲವಾದ್ದರಿಂದ, ಉಡುಪು ಹಗುರವಾದರೂ ರಕ್ಷಣಾ ಸಾಧನಗಳಲ್ಲಿ ಯಾವುದನ್ನೂ ಕೈಬಿಡುವಂತಿಲ್ಲ.

ಉಡುಪು

ಹತ್ತಿಬಟ್ಟೆ ನೀರು ಹೀರಿ ಭಾರವಾಗುತ್ತದೆ, ಬೇಗ ಒಣಗುವುದಿಲ್ಲ, ಕಂಕುಳು ಮತ್ತು ತೊಡೆಗಳನ್ನು ಉಜ್ಜಿ ಹುಣ್ಣಾಗಿಸುತ್ತದೆ. ಹಾಗಾಗಿ ಪಾಲಿಯೆಸ್ಟರ್ ಅಥವಾ ನೈಲಾನ್ ನೂಲಿಗೆ ಹಿಗ್ಗುವ ಎಳೆ ಸೇರಿಸಿ ನೇಯ್ದ, ಮೈಗಂಟುವ ತುಂಬುತೋಳಿನ ಅಂಗಿಯನ್ನು ಬಳಸುವುದು ರೂಢಿ. ರ‍್ಯಾಶ್ ಗಾರ್ಡ್ ಎನ್ನಲಾಗುವ ಈ ಅಂಗಿಯ ಮೇಲೆ ಯುಪಿಎಫ್ 50 ಎಂಬ ಗುರುತಿದ್ದರೆ, ಅದು ಸೂರ್ಯನ ನೇರಳಾತೀತ ಕಿರಣಗಳ ಐವತ್ತನೆಯ ಒಂದು ಭಾಗವನ್ನಷ್ಟೇ ಒಳಬಿಡುತ್ತದೆ ಎಂದರ್ಥ. ರಬ್ಬರಿನ ನೊರೆಹಾಳೆಯಾದ ನಿಯೋಪ್ರೀನ್‌ನಿಂದ ಮಾಡಿದ ದಪ್ಪನೆಯ ಪೂರ್ಣ ಉಡುಪು ಇಂಥ ನದಿಗಳಿಗೆ ಒಗ್ಗದು. ದೋಣಿಯನ್ನು ಹೆಗಲಿಗೇರಿಸಿ ದಡದಲ್ಲಿ ನಡೆಯಬೇಕಾದಾಗ ಅದರೊಳಗೆ ಬೆವರು ಆರದೆ ನಿರ್ಜಲತೆಯೂ ಬಿಸಿಲಾಘಾತವೂ ತಲೆದೋರಬಹುದು. ತೆಳುವಾದ ನಿಯೋಪ್ರೀನ್ ಚಡ್ಡಿ ಮಾತ್ರ ಸೊಂಟ ಮತ್ತು ತೊಡೆಗಳನ್ನು ಉಜ್ಜಿನಿಂದ ಕಾಯುವ ಕಾರಣ ಉಪಯುಕ್ತವಾಗಿದೆ.

ಆದರೂ ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ, ಮುಂಗಾರಿನ ಮಳೆಗಾಳಿಯಲ್ಲಿ ಗಂಟೆಗಟ್ಟಲೆ ನೆನೆದವರಿಗೆ ಬೆಚ್ಚನೆಯ ನದಿಯಲ್ಲೂ ನಡುಕ ಹತ್ತುತ್ತದೆ. ಆಳವಾದ ಜಲಾಶಯದ ತಳಭಾಗದಿಂದ ಬಿಟ್ಟ ನೀರು ಮೇಲ್ಪದರಕ್ಕಿಂತ ತಂಪಾಗಿರುವುದೂ ಉಂಟು. ಇಂಥ ಸಂದರ್ಭಗಳಿಗೆಂದು ಗಾಳಿ ತಡೆಯುವ ಅರೆತೋಳಿನ ಮೇಲಂಗಿಯೊಂದನ್ನು ದೋಣಿಯಲ್ಲಿ ಇಟ್ಟುಕೊಳ್ಳಲಾಗುತ್ತದೆ.

ತೇಲು ಜಾಕೆಟ್

ತೇಲು ಜಾಕೆಟ್ಟಿನ ಶಕ್ತಿಯನ್ನು ನ್ಯೂಟನ್‌ಗಳಲ್ಲಿ ಅಳೆಯುತ್ತಾರೆ. ಐಎಸ್‌ಒ 12402-5 ಮಾನದಂಡದ 50 ನ್ಯೂಟನ್ ದರ್ಜೆಯ ಜಾಕೆಟ್ ಸುಮಾರು 5 ಕಿಲೋಗ್ರಾಂ ಭಾರವನ್ನು ಎತ್ತಿಹಿಡಿಯುವಷ್ಟು ಬಲ ನೀಡುತ್ತದೆ. ಮಾನವ ದೇಹದ ಸಾಂದ್ರತೆ ನೀರಿನದಕ್ಕೆ ಬಹಳ ಸಮೀಪವಿರುವ ಕಾರಣ ಸಾಮಾನ್ಯವಾಗಿ ಇಷ್ಟು ಸಾಕಾಗುತ್ತದೆ. ಆದರೆ ಗಾಳಿಗುಳ್ಳೆ ತುಂಬಿದ ನೊರೆ ಅಚ್ಚನೀರಿನಷ್ಟು ತೇಲಿಸಲಾರದು. ಆದ್ದರಿಂದ ಬಿಳಿ ನೈಲ್, ಜಾಂಬೆಜಿಗಳಂಥ ಅಪಾರ ಹರಿವಿನ ನದಿಗಳಲ್ಲಿ ಇದಕ್ಕಿಂತ ಹೆಚ್ಚು ತೇಲುವ ಜಾಕೆಟ್ಟನ್ನು ಆರಿಸಿಕೊಳ್ಳುವುದು ಮೇಲು. 50 ನ್ಯೂಟನ್ ದರ್ಜೆಯ ಜಾಕೆಟ್ ಪ್ರಜ್ಞೆ ತಪ್ಪಿದವರ ಮುಖವನ್ನು ತಾನಾಗಿ ಮೇಲಕ್ಕೆ ತಿರುಗಿಸಲು ರೂಪಿಸಿದ್ದಲ್ಲ. ಗಾಳಿ ತುಂಬಿ ಉಬ್ಬುವ ಬಗೆಯವು ಬಂಡೆಗೆ ತಾಗಿ ತೂತಾಗಬಹುದಾದ್ದರಿಂದ ಇಲ್ಲಿ ಸಲ್ಲವು. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಇನ್ನೊಬ್ಬರು ಭುಜದ ಬಳಿ ಹಿಡಿದು ಮೇಲಕ್ಕೆಳೆದಾಗ ಜಾಕೆಟ್ ಕಿವಿಯವರೆಗೆ ಜಾರಿದರೆ ಅದರ ಅಳತೆ ದೊಡ್ಡದೆಂದು ತಿಳಿಯಬೇಕು.

ಶಿರಸ್ತ್ರಾಣ ಮತ್ತು ಪಾದರಕ್ಷೆ

ದೋಣಿ ಮಗುಚಿದಾಗ ಚಾಲಕನ ತಲೆ ನೇರವಾಗಿ ನದಿಯ ತಳದತ್ತ ಇರುತ್ತದೆ. ಆದಕಾರಣ ಹಣೆ, ಕಪಾಲದ ಪಕ್ಕಗಳು ಮತ್ತು ಹಿಂದಲೆಯನ್ನು ಮುಚ್ಚುವ, ಅಲುಗಾಡಿಸಿದರೂ ಹಿಂದಕ್ಕೆ ಜಾರದ ಶಿರಸ್ತ್ರಾಣ ಬೇಕು. ಯೂರೋಪಿನ ಇಎನ್ 1385 ಮಾನದಂಡ ಕಠಿಣತೆಯಲ್ಲಿ ಒಂದರಿಂದ ನಾಲ್ಕನೆಯ ದರ್ಜೆಯವರೆಗಿನ ನೊರೆನೀರಿಗೆ ಅನ್ವಯಿಸುತ್ತದೆ. ಪಶ್ಚಿಮ ಘಟ್ಟದಿಂದ ಕಡಿದಾಗಿ ಇಳಿಯುವ, ಆಳ ಕಡಮೆಯಿದ್ದು ಬಂಡೆ ಹೆಚ್ಚಿರುವ ತೊರೆಗಳಲ್ಲಿ ಗಲ್ಲವನ್ನೂ ಕಾಯುವ ಮುಖಗವಚದ ಶಿರಸ್ತ್ರಾಣವನ್ನೂ ಮೊಣಕೈ ಕವಚಗಳನ್ನೂ ಅನೇಕರು ತೊಡುತ್ತಾರೆ. ಕಾಲಿಗೆ ಚಪ್ಪಲಿ ಸಲ್ಲದು, ಅದು ಕಳಚಿಹೋಗಬಹುದು ಇಲ್ಲವೆ ದೋಣಿಯೊಳಗಿನ ಪಾದದೊತ್ತಿಗೆ ಸಿಕ್ಕಿಕೊಳ್ಳಬಹುದು. ಬೆರಳು ಮತ್ತು ಹಿಮ್ಮಡಿ ಮುಚ್ಚುವ, ಪಾಚಿಗಟ್ಟಿದ ಕಲ್ಲಿನ ಮೇಲೆ ಹಿಡಿತ ಕೊಡುವ, ದೋಣಿಯ ಮೂತಿಯಲ್ಲಿ ಹಿಡಿಸುವಷ್ಟು ತೆಳುವಾದ ಬೂಟೇ ತಕ್ಕದ್ದು.

ಇತರ ಸಾಧನಗಳು

ದೋಣಿಯ ಬಾಯಿಗೂ ಸೊಂಟಕ್ಕೂ ನಡುವೆ ನೀರು ನುಗ್ಗದಂತೆ ಮುಚ್ಚುವ ಸ್ಪ್ರೇ ಸ್ಕರ್ಟಿನ ಎಳೆಪಟ್ಟಿ ಸದಾ ಹೊರಗಿರಬೇಕು, ಏಕೆಂದರೆ ಅದು ಒಳಗೆ ಮಡಚಿಕೊಂಡರೆ ಮಗುಚಿದ ದೋಣಿಯಿಂದ ಹೊರಬರುವುದು ಕಷ್ಟ. 15ರಿಂದ 20 ಮೀಟರ್ ಉದ್ದದ, ನೀರಲ್ಲಿ ತೇಲುವ ಹಗ್ಗವನ್ನು ತುಂಬಿದ ಎಸೆಚೀಲ, ಸಿಕ್ಕಿದ ಹಗ್ಗವನ್ನು ಕತ್ತರಿಸಲು ಚಾಕು, ನೆನೆದರೂ ಕೂಗುವ ಗೋಲಿಯಿಲ್ಲದ ಸೀಟಿ, ಇವು ಪ್ರತಿಯೊಬ್ಬರ ಬಳಿಯೂ ಇರತಕ್ಕವು. ಹಗ್ಗ ಒಯ್ಯುವವರು ಚಾಕುವನ್ನು ಬಿಡಬಾರದೆಂಬುದು ಈ ಕ್ರೀಡೆಯ ಸಾಮಾನ್ಯ ನಿಯಮ. ಬೆಚ್ಚನೆಯ ಸಿಹಿನೀರಿನಲ್ಲಿ ಸೋಂಕಿನ ಭಯವೂ ಇದೆ: ಮಳೆಗಾಲದಲ್ಲಿ ಗಾಯದ ಮೂಲಕ ಇಲಿಜ್ವರದ ರೋಗಾಣು ದೇಹವನ್ನು ಹೊಗಬಲ್ಲದು, ಬಿಳಿ ನೈಲ್ ನದಿಯಲ್ಲಿ ಬಸವನಹುಳುಗಳ ಮೂಲಕ ಹರಡುವ ಶಿಸ್ಟೊಸೋಮ ಎಂಬ ಪರೋಪಜೀವಿ ಗಾಯವಿಲ್ಲದ ಚರ್ಮವನ್ನೂ ಹೊಕ್ಕೀತು. ಉಡುಪು ಇವನ್ನು ಪೂರ್ತಿ ತಡೆಯಲಾರದಾದ್ದರಿಂದ ಗಾಯವನ್ನು ಜಲನಿರೋಧಕ ಪಟ್ಟಿಯಿಂದ ಮುಚ್ಚುವುದೂ ಜ್ವರ ಬಂದರೆ ನದಿಗಿಳಿದಿದ್ದನ್ನು ವೈದ್ಯರಿಗೆ ತಿಳಿಸುವುದೂ ಅಗತ್ಯ.

ಉಷ್ಣವಲಯದ ಬಿಸಿಲು ಸಾಧನಗಳನ್ನೂ ಸವೆಸುತ್ತದೆ. ನೈಲಾನ್ ಪಟ್ಟಿಗಳು ಬಣ್ಣಗೆಟ್ಟು ಜೀರ್ಣವಾಗುತ್ತವೆ, ಜಾಕೆಟ್ಟಿನ ತೇಲುನೊರೆ ಕುಗ್ಗುತ್ತದೆ. ಆದ್ದರಿಂದ ಪ್ರತಿ ಬಳಕೆಯ ಅನಂತರ ಇವನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು; ಹೊಸದಾಗಿ ಕೊಂಡ ಸಾಧನವನ್ನು ಮೊದಲು ನಿಂತ ನೀರಿನಲ್ಲಿ, ದೋಣಿಯನ್ನು ಬೇಕೆಂದೇ ಮಗುಚಿ, ಪರೀಕ್ಷಿಸಿದ ಮೇಲೆಯೇ ಹರಿವಿಗೆ ಒಯ್ಯಬೇಕು.